ನೀಲನಕ್ಷೆಯ ಮೂಲೆಯಲ್ಲಿ ಯಾರ ಹೆಸರಿದೆ?



ಇದು ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡಿಕೊಂಡು ಓದಿ.

ಬೆಳಗಾದರೆ ಪೇಪರಿನಲ್ಲಿ ಒಂದು ಪದ ಕಣ್ಣಿಗೆ ಬೀಳುತ್ತೆ: ನೀಲನಕ್ಷೆ. ಅಭಿವೃದ್ಧಿಯ ನೀಲನಕ್ಷೆ, ಚುನಾವಣೆಯ ನೀಲನಕ್ಷೆ, ಪಕ್ಷ ಕಟ್ಟುವ ನೀಲನಕ್ಷೆ. ನಮ್ಮ ಸಂಘಟನೆಗಳ ಕರಪತ್ರದಲ್ಲೂ ಈ ಪದವನ್ನು ಧಾರಾಳವಾಗಿ ಬಳಸ್ತೀವಿ. ಆದರೆ ನಿಜವಾದ ನೀಲನಕ್ಷೆ ಅಂದ್ರೆ ಏನು, ಅದನ್ನು ಯಾರು ಬರೀತಿದ್ರು, ಅದರ ಮೇಲಿನ ಅಕ್ಷರ ಯಾರ ಕೈಯದ್ದು ಅಂತ ಕೇಳಿದ್ರೆ ಬಹಳ ಜನ ತಲೆ ಕೆರೆದುಕೊಳ್ತೀವಿ. ನಾನೂ ಕೆರೆದುಕೊಂಡವನೇ.

ಹಳೇ ನಕ್ಷೆ ಎಲ್ಲಾದ್ರೂ ಸಿಕ್ಕಿದ್ರೆ ಒಮ್ಮೆ ಬಿಡಿಸಿ ನೋಡಿ. ಸೇತುವೆಯದ್ದಾಗಲಿ, ಓವರ್‌ಹೆಡ್ ಟ್ಯಾಂಕಿನದ್ದಾಗಲಿ, ಸ್ಕೂಲ್ ಕಟ್ಟಡದ್ದಾಗಲಿ. ಬಲಗಡೆ ಕೆಳಮೂಲೆಯಲ್ಲಿ ಒಂದು ಚೌಕಟ್ಟು ಇರುತ್ತೆ. ಟೈಟಲ್ ಬ್ಲಾಕ್ ಅಂತಾರೆ. ನಮ್ಮ ದೇಶದ ಕಾಲೇಜು ಪುಸ್ತಕಗಳಲ್ಲಿ ಅದರ ಅಳತೆ 185 ಮಿಲಿಮೀಟರ್ ಉದ್ದ, 65 ಮಿಲಿಮೀಟರ್ ಎತ್ತರ. ಅದರೊಳಗೆ ಸಣ್ಣ ಸಣ್ಣ ಮನೆಗಳು: ಡ್ರಾನ್, ಟ್ರೇಸ್ಡ್, ಚೆಕ್ಡ್, ಅಪ್ರೂವ್ಡ್. ಬರೆದವರು, ಮೇಲೆ ಹಾಳೆ ಇಟ್ಟು ತಿದ್ದಿದವರು, ಪರಿಶೀಲಿಸಿದವರು, ಒಪ್ಪಿಗೆ ಕೊಟ್ಟವರು. ನಾಲ್ಕು ಮೆಟ್ಟಿಲು. ನಾನೇನೂ ಹೇಳೋದಿಲ್ಲ, ಈ ನಾಲ್ಕರ ಲೆಕ್ಕ ನಿಮಗೇ ಗೊತ್ತು. ಮೇಲಿನ ಮೆಟ್ಟಿಲಿನಲ್ಲಿ ಉದ್ದದ ಸಹಿ, ಹುದ್ದೆ, ಮೊಹರು. ಕೆಳಗಿನ ಮೆಟ್ಟಿಲಿನಲ್ಲಿ ಎರಡೇ ಎರಡು ಇನಿಷಿಯಲ್ಲು. ಎಷ್ಟೋ ಸಲ ಅದೂ ಖಾಲಿ.

ಹಾಳೆ ತುಂಬ ಇರುವ ಅಕ್ಷರ ಮಾತ್ರ ಆ ಎರಡು ಇನಿಷಿಯಲ್ಲಿನವರದ್ದು. ಈ ಬರಹ ಆ ಅಕ್ಷರದ ಚರಿತ್ರೆ.

ಮೊದಲು ಕೆಲಸ ಏನು ಅಂತ ತಿಳ್ಕೊಳ್ಳೋಣ. ಇಂಜಿನಿಯರ್ ಲೆಕ್ಕ ಹಾಕಿ ಕೊಟ್ಟದ್ದನ್ನು ಡ್ರಾಫ್ಟ್ಸ್‌ಮನ್ ಪೆನ್ಸಿಲ್‌ನಲ್ಲಿ ಅಳತೆಗೆ ಸರಿಯಾಗಿ ಬರೀತಾರೆ. ಅದರ ಮೇಲೆ ಟ್ರೇಸಿಂಗ್ ಬಟ್ಟೆ ಹಾಸಿ ಟ್ರೇಸರ್ ಇಂಕಿನಲ್ಲಿ ತಿದ್ದುತ್ತಾರೆ. ಟ್ರೇಸಿಂಗ್ ಬಟ್ಟೆ ಅಂದ್ರೆ ಗಂಜಿ ಹಾಕಿ ನುಣುಪು ಮಾಡಿದ ತೆಳುವಾದ ಬಟ್ಟೆ, ಬೆಳಕು ಹಾಯುತ್ತೆ. ಒಂದು ಹನಿ ನೀರು, ಒಂದು ಹನಿ ಬೆವರು ಬಿದ್ದರೂ ಕೆಟ್ಟಿತು. 1842ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ ಒಂದು ವಿಧಾನ ಕಂಡುಹಿಡಿದರು. ಕಬ್ಬಿಣದ ಲವಣಗಳ ದ್ರಾವಣ ಬಳಿದು ಒಣಗಿಸಿದ ಕಾಗದದ ಮೇಲೆ ಟ್ರೇಸಿಂಗ್ ಇಟ್ಟು, ಬಿಸಿಲಿಗೆ ಹಿಡಿದು, ಆಮೇಲೆ ನೀರಿನಲ್ಲಿ ತೊಳೆಯೋದು. ಬಿಸಿಲು ಬಿದ್ದ ಜಾಗವೆಲ್ಲ ಕಡುನೀಲಿ, ಇಂಕಿನ ಗೆರೆ ಮರೆ ಮಾಡಿದ ಜಾಗ ಬಿಳಿ. ಇದೇ ನೀಲನಕ್ಷೆ. ಒಂದು ಟ್ರೇಸಿಂಗ್‌ನಿಂದ ಬೇಕಾದಷ್ಟು ಪ್ರತಿ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಅಮೆರಿಕ, ಯುರೋಪಿನ ಕಾರ್ಖಾನೆಗಳೆಲ್ಲ ಇದಕ್ಕೆ ಬಂದವು.

ಅಕ್ಷರದ ಪ್ರಶ್ನೆ ದೊಡ್ಡದಾದದ್ದು ಇಲ್ಲೇ. ಗೆರೆ ಆಕಾರ ಹೇಳುತ್ತೆ, ಅಳತೆ ಹೇಳೋದು ಅಂಕಿ. ಕಬ್ಬಿಣ ಕತ್ತರಿಸುವ ಫಿಟ್ಟರ್, ಗೋಡೆ ಕಟ್ಟುವ ಮೇಸ್ತ್ರಿ, ಧೂಳಿನಲ್ಲಿ, ಮಬ್ಬು ಬೆಳಕಿನಲ್ಲಿ, ಮಡಚಿ ಮಡಚಿ ಸವೆದ ನೀಲಿ ಹಾಳೆಯಲ್ಲಿ ಆ ಅಂಕಿ ಓದಬೇಕು. 3 ಹೋಗಿ 8 ಆದರೆ, 6 ಹೋಗಿ 0 ಆದರೆ ಕಂಬಿ ಗಿಡ್ಡವಾಗುತ್ತೆ, ತೂತು ಕೂರೋದಿಲ್ಲ, ಕೆಲವೊಮ್ಮೆ ಜೀವವೇ ಹೋಗುತ್ತೆ. ನೂರಾರು ಜನರ ಕೂಲಿ, ಸುರಕ್ಷತೆ ಎಲ್ಲ ಒಬ್ಬರ ಕೈಬರಹದ ಮೇಲೆ ನಿಂತಿರುತ್ತೆ.

ಈ ಕೆಲಸಕ್ಕೆ ಬಂದವರಲ್ಲಿ ನಾವು ಮರೆಯಬಾರದ ಒಬ್ಬರ ಕಥೆ ಹೇಳ್ತೀನಿ. ಲೂಯಿಸ್ ಲ್ಯಾಟಿಮರ್.

1842ರಲ್ಲಿ ಅಮೆರಿಕದ ವರ್ಜೀನಿಯಾದಿಂದ ಜಾರ್ಜ್ ಮತ್ತು ರೆಬೆಕಾ ಲ್ಯಾಟಿಮರ್ ಎಂಬ ಗಂಡ-ಹೆಂಡತಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಾಸ್ಟನ್‌ಗೆ ಓಡಿ ಬಂದರು. ಮಾಲೀಕ ಹುಡುಕಿಕೊಂಡು ಬಂದ, ಜಾರ್ಜ್ ಅವರನ್ನು ಹಿಡಿದು ಜೈಲಿಗೆ ಹಾಕಿದರು. ಊರಿಗೆ ಊರೇ ಎದ್ದಿತು. ಕೊನೆಗೆ 400 ಡಾಲರ್ ಕೊಟ್ಟು ಅವರ ಬಿಡುಗಡೆಯನ್ನು ಖರೀದಿ ಮಾಡಬೇಕಾಯಿತು. ಒಬ್ಬ ಮನುಷ್ಯನನ್ನು ಅವನಿಗೇ ವಾಪಸ್ ಕೊಡೋಕೆ 400 ಡಾಲರ್. ಈ ದಂಪತಿಯ ಮಗನಾಗಿ 1848ರಲ್ಲಿ ಲೂಯಿಸ್ ಹುಟ್ಟಿದರು. ಹದಿಹರೆಯದಲ್ಲೇ ಅಂತರ್ಯುದ್ಧದಲ್ಲಿ ಉತ್ತರದ ನೌಕಾಪಡೆ ಸೇರಿದರು. ಯುದ್ಧ ಮುಗಿದ ಮೇಲೆ ಬಾಸ್ಟನ್‌ನ ಒಂದು ಪೇಟೆಂಟ್ ವಕೀಲರ ಕಚೇರಿಯಲ್ಲಿ ಆಫೀಸ್ ಬಾಯ್ ಆದರು. ವಾರಕ್ಕೆ 3 ಡಾಲರ್ ಸಂಬಳ.

ಆ ಕಚೇರಿಯಲ್ಲಿ ಡ್ರಾಫ್ಟ್ಸ್‌ಮನ್‌ಗಳು ಮೇಜಿನ ಮೇಲೆ ಬಗ್ಗಿ ನಕ್ಷೆ ಬರೀತಿದ್ದರು. ಹುಡುಗ ಹಿಂದೆ ನಿಂತು ನೋಡ್ತಿದ್ದ. ಯಾವ ಉಪಕರಣ ಯಾವುದಕ್ಕೆ ಅಂತ ನೋಡಿಕೊಂಡ. ಸಂಬಳದಲ್ಲಿ ಉಳಿಸಿ ಸೆಕೆಂಡ್ ಹ್ಯಾಂಡ್ ಪುಸ್ತಕ, ಸೆಕೆಂಡ್ ಹ್ಯಾಂಡ್ ಉಪಕರಣ ಕೊಂಡ. ರಾತ್ರಿ ಮನೆಯಲ್ಲಿ ಕೂತು ಕೈ ಪಳಗಿಸಿದ. ಒಂದು ದಿನ, ನಾನೂ ಒಂದು ನಕ್ಷೆ ಬರೀಲಾ ಅಂತ ಕೇಳಿಯೇ ಬಿಟ್ಟ. 1872ರ ಹೊತ್ತಿಗೆ ಅದೇ ಕಚೇರಿಯ ಮುಖ್ಯ ಡ್ರಾಫ್ಟ್ಸ್‌ಮನ್, ವಾರಕ್ಕೆ 20 ಡಾಲರ್.

ಹಿಂದೆ ನಿಂತು ನೋಡಿ ಕಲಿಯೋದು ಅಂದ ತಕ್ಷಣ ನಮಗೆ ಏಕಲವ್ಯ ನೆನಪಾಗ್ತಾನೆ. ಲ್ಯಾಟಿಮರ್ ಅವರ ಹೆಬ್ಬೆರಳನ್ನು ಯಾರೂ ಕೇಳಲಿಲ್ಲ. ಆದರೆ ಪೇಟೆಂಟ್ ನಕ್ಷೆಯ ಹಾಳೆ ನೋಡಿ: ಅಲ್ಲಿ ಸಂಶೋಧಕನ ಹೆಸರಿಗೆ ಜಾಗ ಇದೆ, ಸಾಕ್ಷಿಗಳ ಸಹಿಗೆ ಜಾಗ ಇದೆ. ನಕ್ಷೆ ಬರೆದ ಕೈಗೆ ಜಾಗ ಇಲ್ಲ.

1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರಿಗೆ ಟೆಲಿಫೋನಿನ ಪೇಟೆಂಟ್ ಸಿಕ್ಕಿತು, ಸಂಖ್ಯೆ 174465. ಆ ಅರ್ಜಿಯ ನಕ್ಷೆಗಳನ್ನು ಬರೆದದ್ದು ತಾವು ಅಂತ ಲ್ಯಾಟಿಮರ್ ತಮ್ಮ ಬರಹದಲ್ಲಿ ದಾಖಲಿಸಿದ್ದಾರೆ. ಬೆಲ್ ಅವರಿಗೆ ರಾತ್ರಿ ಪಾಠ ಇರುತ್ತಿತ್ತು. ಅದು ಮುಗಿಯೋವರೆಗೆ, ಅಂದ್ರೆ ಒಂಬತ್ತು ಗಂಟೆ ದಾಟುವವರೆಗೆ, ಇವರು ಆಫೀಸಿನಲ್ಲೇ ಕಾಯಬೇಕಿತ್ತಂತೆ. ಆ ಪೇಟೆಂಟಿನ 7ನೇ ಚಿತ್ರ ನೋಡಿ. ಮಾತಾಡುವ ಶಂಕುವಿಗೆ ದೊಡ್ಡ ಎ, ಅದರ ಪೊರೆಗೆ ಸಣ್ಣ ಎ, ವಿದ್ಯುತ್ಕಾಂತಕ್ಕೆ ಸಣ್ಣ ಬಿ, ಕಂಪಿಸುವ ಕಬ್ಬಿಣದ ಪಟ್ಟಿಗೆ ಸಣ್ಣ ಸಿ. ಈ ಒಂದೊಂದು ಅಕ್ಷರಕ್ಕೂ ಪೇಟೆಂಟಿನ ಒಂದೊಂದು ವಾಕ್ಯ ಗಂಟು ಹಾಕಿಕೊಂಡಿದೆ. ದೊಡ್ಡ ಎ ಯಾವುದು, ಸಣ್ಣ ಎ ಯಾವುದು ಅಂತ ಗೊಂದಲ ಆದರೆ ಕೋರ್ಟಿನಲ್ಲಿ ವಾದ ಕುಸಿಯುತ್ತೆ. ಮುಂದೆ ಬೆಲ್ ಕಂಪನಿ ಈ ಪೇಟೆಂಟಿಗಾಗಿ ನೂರಾರು ದಾವೆ ನಡೆಸಿತು, 1888ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೆಲ್ ಪರವಾಗಿ ತೀರ್ಪು ಕೊಟ್ಟಿತು.

ಲ್ಯಾಟಿಮರ್ ಅವರ ಹೆಸರು ಹಾಳೆಯ ಮೇಲೆ ಬಂದದ್ದು ಅವರೇ ಸಂಶೋಧಕರಾದಾಗ. ಮೊದಲನೆಯದು 1874ರಲ್ಲಿ, ಇನ್ನೊಬ್ಬರ ಜೊತೆ ಸೇರಿ ಮಾಡಿದ ರೈಲು ಬೋಗಿಯ ಶೌಚಾಲಯದ ಸುಧಾರಣೆ. ರೈಲಿನ ಶೌಚಾಲಯ ಅಂದ್ರೆ ನಮ್ಮ ದೇಶದಲ್ಲಿ ಯಾರ ಬದುಕು, ಹಳಿಯ ಮೇಲೆ ಪೊರಕೆ ಹಿಡಿದು ಯಾರು ಬಗ್ಗಿದರು ಅಂತ ನಿಮಗೆ ಹೇಳಬೇಕಾಗಿಲ್ಲ. ಆಮೇಲೆ 1881, 1882ರಲ್ಲಿ ವಿದ್ಯುತ್ ದೀಪದ ಪೇಟೆಂಟುಗಳು. ಎಡಿಸನ್ ಕಂಪನಿ ಸೇರಿದರು, ಪೇಟೆಂಟ್ ಮೊಕದ್ದಮೆಗಳಲ್ಲಿ ತಜ್ಞ ಸಾಕ್ಷಿಯಾದರು, 1890ರಲ್ಲಿ ವಿದ್ಯುತ್ ದೀಪದ ಬಗ್ಗೆ ಪುಸ್ತಕ ಬರೆದರು. ನನಗೆ ಇದೆಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಇನ್ನೊಂದು ವಿಷಯ. ನ್ಯೂಯಾರ್ಕಿನ ಹೆನ್ರಿ ಸ್ಟ್ರೀಟ್ ಸೆಟ್ಲ್‌ಮೆಂಟ್‌ನಲ್ಲಿ ವಲಸೆ ಬಂದ ಬಡ ಕಾರ್ಮಿಕರಿಗೆ ಅವರು ಇಂಗ್ಲಿಷ್ ಮತ್ತು ಯಂತ್ರ ನಕ್ಷೆ ಹೇಳಿಕೊಟ್ಟರು. ಕದ್ದು ನೋಡಿ ಕಲಿತ ವಿದ್ಯೆಯನ್ನು ಎದುರಿಗೆ ಕೂರಿಸಿಕೊಂಡು ಕಲಿಸಿದರು.

ಆಗಿನ ಬಹಳಷ್ಟು ನಕ್ಷೆಗಳಲ್ಲಿ ಅಕ್ಷರ ಅಂದ್ರೆ ಅಲಂಕಾರ. ದಪ್ಪ-ಸಣ್ಣ ಗೆರೆಯ ರೋಮನ್ ಅಕ್ಷರ, ನೆರಳು, ಬಳ್ಳಿ, ಕುಚ್ಚು. ಶೀರ್ಷಿಕೆ ಒಂದಕ್ಕೇ ಗಂಟೆಗಟ್ಟಲೆ ಹಿಡಿಯುತ್ತಿತ್ತು. ಕಾರ್ಖಾನೆಗಳು ಹೆಚ್ಚಾದವು, ನಕ್ಷೆಗಳು ಹೆಚ್ಚಾದವು, ಇಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಇಂಜಿನಿಯರಿಂಗ್ ನ್ಯೂಸ್ ಎಂಬ ಅಮೆರಿಕದ ಪತ್ರಿಕೆಯ ಮುಖ್ಯ ಡ್ರಾಫ್ಟ್ಸ್‌ಮನ್ ಚಾರ್ಲ್ಸ್ ಡಬ್ಲ್ಯು. ರೈನ್‌ಹಾರ್ಟ್ 1893ರಲ್ಲಿ ಡ್ರಾಫ್ಟ್ಸ್‌ಮನ್‌ಗಳಿಗೆ, ಇಂಜಿನಿಯರ್‌ಗಳಿಗೆ, ವಿದ್ಯಾರ್ಥಿಗಳಿಗೆ ಅಂತ ಲೆಟರಿಂಗ್ ಪುಸ್ತಕ ತಂದರು. ಅಲಂಕಾರ ಎಲ್ಲ ತೆಗೆದುಹಾಕಿ ಅಕ್ಷರದ ಮೂಳೆ ಮಾತ್ರ ಉಳಿಸಿದರು. ಒಂದೇ ದಪ್ಪದ ಗೆರೆ, ಪೆನ್ನು ಒಂದು ಸಲ ಎಳೆದರೆ ಮುಗೀತು. ಅದಕ್ಕೇ ಸಿಂಗಲ್ ಸ್ಟ್ರೋಕ್ ಅನ್ನೋ ಹೆಸರು.

ರೈನ್‌ಹಾರ್ಟ್ ಮಾಡಿದ ದೊಡ್ಡ ಕೆಲಸ ಅಂದ್ರೆ ಪ್ರತಿ ಅಕ್ಷರವನ್ನು ಬಿಚ್ಚಿ ತೋರಿಸಿದ್ದು. ಯಾವ ಗೆರೆ ಮೊದಲು, ಯಾವುದು ಆಮೇಲೆ, ಯಾವ ಕಡೆಯಿಂದ ಯಾವ ಕಡೆಗೆ. ಈ ಪದ್ಧತಿಯಲ್ಲಿ ಮೇಲೆ-ಕೆಳಗೆ ತೆಳುವಾದ ಗೈಡ್‌ಲೈನ್ ಎಳೆದುಕೊಳ್ಳಬೇಕು. ನಿಲುವು ಗೆರೆಯನ್ನು ಮೇಲಿಂದ ಕೆಳಕ್ಕೆ, ಅಡ್ಡ ಗೆರೆಯನ್ನು ಎಡದಿಂದ ಬಲಕ್ಕೆ ಎಳೀಬೇಕು. 8ರ ಮೇಲಿನ ಸೊನ್ನೆ ಕೆಳಗಿನದಕ್ಕಿಂತ ಚೂರು ಚಿಕ್ಕದಿರಬೇಕು, ಇಲ್ಲದಿದ್ದರೆ ತಲೆ ಭಾರವಾಗಿ ಉರುಳಿ ಬೀಳೋ ಹಾಗೆ ಕಾಣುತ್ತೆ. 1911ರಲ್ಲಿ ಓಹಿಯೋ ರಾಜ್ಯ ವಿಶ್ವವಿದ್ಯಾಲಯದ ಥಾಮಸ್ ಫ್ರೆಂಚ್ ಬರೆದ ಇಂಜಿನಿಯರಿಂಗ್ ಡ್ರಾಯಿಂಗ್ ಪುಸ್ತಕ ಈ ಲೆಟರಿಂಗನ್ನು ಕಾಲೇಜುಗಳ ಒಳಗೆ ತಂದಿತು. 1935ರಲ್ಲಿ ಅಮೆರಿಕದ ರಾಷ್ಟ್ರೀಯ ಡ್ರಾಯಿಂಗ್ ಮಾನದಂಡವೂ ಬಂತು. ಪಠ್ಯಪುಸ್ತಕಗಳು ಹೇಳಿಕೊಡುವ ಪಾಠ ಇಷ್ಟು: ಇದು ಬರವಣಿಗೆ ಅಲ್ಲ, ಚಿತ್ರ ಬಿಡಿಸುವ ಹಾಗೆ ಕಲಿಯೋ ವಿದ್ಯೆ. ನಿಮ್ಮ ಕೈಬರಹ ಕೋಳಿ ಕೆದರಿದ ಹಾಗಿದ್ದರೂ ಪರವಾಗಿಲ್ಲ, ಕ್ರಮ ತಿಳಿದು ಅಭ್ಯಾಸ ಮಾಡಿದರೆ ಬರುತ್ತೆ.

ಗೆಳೆಯರೇ, ಇದು ಸಣ್ಣ ಮಾತಲ್ಲ. "ಅಕ್ಷರ ಅವರಿಗೆ ರಕ್ತದಲ್ಲೇ ಬಂದಿದೆ", "ನಿಮ್ಮವರ ನಾಲಿಗೆಗೆ, ಕೈಗೆ ವಿದ್ಯೆ ಹತ್ತಲ್ಲ" ಅನ್ನೋ ಮಾತು ಕೇಳಿ ಬೆಳೆದವರು ನಾವು. ಇಲ್ಲಿ ಒಂದು ಪದ್ಧತಿ ಬಂದು, ಅಕ್ಷರ ರಕ್ತದಲ್ಲಿಲ್ಲ, ಏಳು ಗೆರೆ ಎಳೆಯೋ ಕ್ರಮದಲ್ಲಿದೆ ಅಂತ ಪುಸ್ತಕದಲ್ಲಿ ಅಚ್ಚು ಹಾಕಿಸಿ ತೋರಿಸಿತು. ಯಾರ ಮಗನಾದರೂ, ಯಾರ ಮಗಳಾದರೂ ಕಲಿಯಬಹುದು. ಕಲಿತ ಮೇಲೆ ಎಲ್ಲರ ಅಕ್ಷರವೂ ಒಂದೇ. ಹಾಳೆ ನೋಡಿ ಬರೆದವರ ಕುಲ ಹೇಳೋಕೆ ಬ್ರಹ್ಮನಿಗೂ ಸಾಧ್ಯವಿಲ್ಲ.

ಆದರೆ ಇದಕ್ಕೇ ಇನ್ನೊಂದು ಮುಖ ಇದೆ. ಯಾರದ್ದು ಅಂತ ಗೊತ್ತಾಗದ ಅಕ್ಷರವನ್ನು ಯಾರದ್ದೂ ಅಲ್ಲ ಅಂತ ಮಾಡೋದು ಬಹಳ ಸುಲಭ. ಇದನ್ನು ಮೊದಲು ಅನುಭವಿಸಿದವರು ಹೆಣ್ಣುಮಕ್ಕಳು.

ಸ್ಕಾಟ್ಲೆಂಡಿನ ಕ್ಲೈಡ್ ನದಿಯ ದಂಡೆ ಹಡಗು ಕಟ್ಟುವುದಕ್ಕೆ ಜಗತ್ತಿಗೇ ಹೆಸರಾದ ಜಾಗ. ಅಲ್ಲಿನ ಡಂಬಾರ್ಟನ್ ಊರಿನ ಡೆನ್ನಿ ಕಂಪನಿಯಂಥ ಹಡಗುಕಟ್ಟೆಗಳಲ್ಲಿ 19ನೇ ಶತಮಾನದ ಕೊನೆಯ ದಶಕಗಳಿಂದ ಟ್ರೇಸಿಂಗ್ ಕೆಲಸಕ್ಕೆ ಹುಡುಗಿಯರನ್ನು ತೆಗೆದುಕೊಳ್ಳೋಕೆ ಶುರುವಾಯಿತು. ಸಾಲು ಮೇಜು, ಸಾಲು ಹುಡುಗಿಯರು. ಬಟ್ಟೆಯ ಮೇಲೆ ಸೀಮೆಸುಣ್ಣದ ಪುಡಿ ಉಜ್ಜಿ, ಇಂಕು ಹಿಡಿಯುವ ಹಾಗೆ ಮಾಡಿಕೊಂಡು, ಹಡಗಿನ ಒಂದೊಂದು ತಗಡು, ಒಂದೊಂದು ರಿವೆಟ್ಟು, ಒಂದೊಂದು ಅಂಕಿಯನ್ನೂ ತಿದ್ದುತ್ತಿದ್ದರು. ಡ್ರಾಫ್ಟ್ಸ್‌ಮನ್‌ಗಿಂತ ಕೆಳಗಿನ ದರ್ಜೆ, ಕಡಿಮೆ ಸಂಬಳ. ಕೊಡುತ್ತಿದ್ದ ಕಾರಣ ಏನು ಗೊತ್ತಾ? ಹೆಣ್ಣಿನ ಕೈ ನಾಜೂಕು, ಚೊಕ್ಕಟ ಕೆಲಸ ಅವರಿಗೆ ಹುಟ್ಟುಗುಣ ಅಂತ.

ಈ ತರ್ಕ ನಮಗೆ ಹಳೆಯ ಪರಿಚಯ. ಮೇಲಿನವರ ಕೈಯಲ್ಲಿ ಕೌಶಲ ಇದ್ದರೆ ಅದು ಪ್ರತಿಭೆ, ಮೆರಿಟ್. ಕೆಳಗಿನವರ ಕೈಯಲ್ಲಿ ಅದೇ ಕೌಶಲ ಇದ್ದರೆ ಹುಟ್ಟುಗುಣ, ಕುಲಕಸುಬು. ಹುಟ್ಟುಗುಣಕ್ಕೆ ಯಾರು ಸಂಬಳ ಕೊಡ್ತಾರೆ? ತೊಗಲು ಹದ ಮಾಡೋ ರಸಾಯನ ವಿದ್ಯೆಗೆ, ತಮಟೆಯ ಲಯಕ್ಕೆ, ಸೂಲಗಿತ್ತಿಯ ಕೈಗೆ ನಮ್ಮಲ್ಲಿ ಆದದ್ದೂ ಇದೇ.

ಅಮೆರಿಕ, ಬ್ರಿಟನ್ನಿನ ಹಳೇ ಡ್ರಾಯಿಂಗ್ ಆಫೀಸುಗಳ ನೆನಪುಗಳಲ್ಲಿ ಒಂದು ವಿಷಯ ಮತ್ತೆ ಮತ್ತೆ ಬರುತ್ತೆ. ಕೆಲಸಕ್ಕೆ ಬಾರದ ಟ್ರೇಸಿಂಗ್ ಬಟ್ಟೆಯನ್ನು ಮನೆಗೆ ಒಯ್ದು, ನೆನೆಹಾಕಿ ಗಂಜಿ ಬಿಡಿಸಿದರೆ ಒಳ್ಳೇ ನವಿರಾದ ಬಟ್ಟೆ ಸಿಗುತ್ತಿತ್ತು. ಅದರಲ್ಲಿ ಕರವಸ್ತ್ರ, ಮಗುವಿನ ಅಂಗಿ ಹೊಲೀತಿದ್ದರು. ಇಂಕು, ಅಕ್ಷರ, ಅಂಕಿ ಎಲ್ಲ ಬಚ್ಚಲ ನೀರಿನಲ್ಲಿ ಹರಿದು ಹೋಗುತ್ತಿತ್ತು.

ಈಗ ನಮ್ಮ ದೇಶಕ್ಕೆ ಬರೋಣ.

1942ರಲ್ಲಿ ಬಾಬಾಸಾಹೇಬರು ವೈಸರಾಯ್ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾದರು. ಆ ವರ್ಷ ಅಕ್ಟೋಬರ್‌ನಲ್ಲಿ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಬಗ್ಗೆ ವೈಸರಾಯ್‌ಗೆ ಒಂದು ಮನವಿ ಕೊಟ್ಟರು. ಮೀಸಲಾತಿ, ಹುದ್ದೆಗಳ ಜೊತೆ ಅದರಲ್ಲಿ ಇನ್ನೊಂದು ಮಾತಿದೆ, ನಾವು ಅಷ್ಟಾಗಿ ಚರ್ಚೆ ಮಾಡದ ಮಾತು. ನಮ್ಮ ಹುಡುಗರು ಬಿ.ಎ., ಕಾನೂನು ಹೇಗೋ ಓದ್ತಾರೆ, ವಿಜ್ಞಾನ ಮತ್ತು ತಂತ್ರಜ್ಞಾನ ಅವರ ಕೈಗೆ ಎಟುಕುತ್ತಿಲ್ಲ, ಅದಕ್ಕೆ ಸರ್ಕಾರ ನೆರವು ಕೊಡಬೇಕು ಅಂತ ಕೇಳಿದರು. ಸರ್ಕಾರಿ ಮುದ್ರಣಾಲಯಗಳಲ್ಲಿ, ರೈಲ್ವೆ ವರ್ಕ್‌ಶಾಪುಗಳಲ್ಲಿ ನಮ್ಮವರನ್ನು ತರಬೇತಿಗೆ ತೆಗೆದುಕೊಳ್ಳಿ ಅಂತ ಕೇಳಿದರು. ಕೈ ಮತ್ತು ಅಕ್ಷರ ಎರಡೂ ಸೇರುವ ಜಾಗ ಯಾವುದು ಅಂತ ಅವರಿಗೆ ಗೊತ್ತಿತ್ತು. 1944ರಲ್ಲಿ ಪರಿಶಿಷ್ಟ ಜಾತಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾಯಿತು. 1950ರಲ್ಲಿ ಕುಶಲಕರ್ಮಿ ತರಬೇತಿ ಯೋಜನೆ ಬಂತು, ಐಟಿಐಗಳು ಬಂದವು. 1961ರಲ್ಲಿ ಅಪ್ರೆಂಟಿಸ್ ಕಾಯ್ದೆ. 1973ರ ತಿದ್ದುಪಡಿಯಲ್ಲಿ ಆ ಕಾಯ್ದೆಯೊಳಗೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳಿಗೆ ಜಾಗ ಕಾದಿರಿಸಿದರು.

ಅತ್ತ 1947ರಲ್ಲಿ ಹುಟ್ಟಿದ ಭಾರತೀಯ ಮಾನಕ ಸಂಸ್ಥೆ ನಕ್ಷೆ ಹೇಗಿರಬೇಕು ಅಂತ ಐಎಸ್ 696 ಅನ್ನೋ ನಿಯಮಾವಳಿ ತಂದಿತು, ಆಮೇಲೆ ಅಕ್ಷರಕ್ಕೇ ಅಂತ ಐಎಸ್ 9609. ಅಂತರರಾಷ್ಟ್ರೀಯ ನಿಯಮದಂತೆ ಅಕ್ಷರದ ಎತ್ತರ 2.5, 3.5, 5, 7, 10, 14, 20 ಮಿಲಿಮೀಟರ್. ಎತ್ತರದ ಹತ್ತನೇ ಒಂದು ಭಾಗ ಅಥವಾ ಹದಿನಾಲ್ಕನೇ ಒಂದು ಭಾಗ ಗೆರೆಯ ದಪ್ಪ. ನೇರ ಬರೀಬಹುದು, ಇಲ್ಲಾ ಬಲಕ್ಕೆ 15 ಡಿಗ್ರಿ ವಾಲಿಸಿ ಬರೀಬಹುದು. ಗುಜರಾತಿನ ಆಣಂದದಿಂದ ಬರುವ ಎನ್.ಡಿ. ಭಟ್ ಅವರ ಪುಸ್ತಕ, ಬೆಂಗಳೂರಿನಿಂದ ಬರುವ ಕೆ.ಆರ್. ಗೋಪಾಲಕೃಷ್ಣ ಅವರ ಪುಸ್ತಕ ಓದಿದವರಿಗೆ ಇದೆಲ್ಲ ಬಾಯಿಪಾಠ. ಐಟಿಐನ ಡ್ರಾಫ್ಟ್ಸ್‌ಮನ್ ಸಿವಿಲ್, ಡ್ರಾಫ್ಟ್ಸ್‌ಮನ್ ಮೆಕ್ಯಾನಿಕಲ್ ಎರಡೂ ಎರಡು ವರ್ಷದ ಟ್ರೇಡುಗಳು. ಶುರುವಿನ ದಿನಗಳಲ್ಲೇ ಲೆಟರಿಂಗ್ ಶೀಟು. ಏಳು ಮನೆ ಎತ್ತರ, ನಾಲ್ಕು ಮನೆ ಅಗಲ, ಇಂಗ್ಲಿಷಿನ ಇಪ್ಪತ್ತಾರು ಅಕ್ಷರ, ಹತ್ತು ಅಂಕಿ.

ನಮ್ಮ ಚಿಕ್ಕಪ್ಪ ಈ ಶೀಟು ಬರೆದವರು. ನಮ್ಮ ಕೇರಿಯಿಂದ ಐಟಿಐ ಮೆಟ್ಟಿಲು ಹತ್ತಿದ ಮೊದಲನೆಯವರು. ಅವರಪ್ಪ, ಅಂದ್ರೆ ನಮ್ಮ ತಾತ, ಸಾಯೋವರೆಗೂ ಹೆಬ್ಬೆಟ್ಟು ಒತ್ತಿದವರು. ಮಗ ಮನೆಗೆ ತಂದ ಲೆಟರಿಂಗ್ ಶೀಟನ್ನು ತಾತ ತಲೆಕೆಳಗು ಹಿಡಿದು ನೋಡಿ, "ಸಾಲು ಚೆನ್ನಾಗಿದೆ ಕಣಪ್ಪ, ಪೈರು ನಾಟಿ ಮಾಡ್ದಂಗೆ" ಅಂದಿದ್ರಂತೆ. ಮನೆಯಲ್ಲಿ ಈಗಲೂ ಹೇಳಿಕೊಂಡು ನಗ್ತೀವಿ. ಆದರೆ ತಾತ ಸರಿಯಾಗೇ ಹೇಳಿದ್ದರು. ಗೈಡ್‌ಲೈನ್ ಅಂದ್ರೆ ನಾಟಿ ಹಗ್ಗವೇ.

ಚಿಕ್ಕಪ್ಪನಿಗೆ ಒಂದು ಇಂಜಿನಿಯರಿಂಗ್ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಯಾವ ಕಚೇರಿ ಅನ್ನೋದು ಬೇಡ, ಎಲ್ಲ ಕಡೆ ಇದ್ದದ್ದೇ. ಅವರ ಅಕ್ಷರ ಎಷ್ಟು ಚೆನ್ನಾಗಿತ್ತು ಅಂದ್ರೆ, ಬೇರೆಯವರು ಗೆರೆ ಎಳೆದು ಮುಗಿಸಿದ ಹಾಳೆಗಳನ್ನೂ ಲೆಟರಿಂಗ್‌ಗೆ ಇವರ ಮೇಜಿಗೇ ತಂದು ಹಾಕೋರು. ಅಂಕಿ ಇವರದ್ದು, ಶೀರ್ಷಿಕೆ ಇವರದ್ದು, ಟಿಪ್ಪಣಿ ಇವರದ್ದು. ತಪ್ಪಾದರೆ ಶೇವಿಂಗ್ ಬ್ಲೇಡಿನ ಮೂಲೆಯಲ್ಲಿ ಇಂಕನ್ನು ಹಗೂರವಾಗಿ ಕೆರೆದು ತೆಗೆದು, ಮತ್ತೆ ಬರೆಯೋದು. ಕೆರೆದ ಗುರುತೇ ಕಾಣ್ತಿರಲಿಲ್ಲ. ಮೂಲೆಯ ಚೌಕಟ್ಟಿನಲ್ಲಿ "ಡ್ರಾನ್" ಅನ್ನೋ ಮನೆಯಲ್ಲಿ ಬೇರೆ ಯಾರದ್ದೋ ಇನಿಷಿಯಲ್. ಅದನ್ನೂ ಇವರ ಕೈಯಲ್ಲೇ ಬರೆಸೋರು. ಇವರದ್ದು "ಟ್ರೇಸ್ಡ್" ಮಾತ್ರ.

ಆ ಕಚೇರಿಯಲ್ಲಿ ಅವರ ಲೋಟ ಬೇರೆ ಇತ್ತು ಅಂತ ನಾನು ಹೇಳಿದರೆ ನಿಮಗೆ ಆಶ್ಚರ್ಯ ಆಗಲ್ಲ. ಚಿಕ್ಕಪ್ಪ ಅದನ್ನು ಹೇಳುವಾಗ ಕೋಪ ಮಾಡಿಕೊಳ್ತಿರಲಿಲ್ಲ. "ಲೋಟ ಮುಟ್ಟಿದ್ರೆ ಮೈಲಿಗೆ ಆಗೋದು. ನನ್ ಅಕ್ಷರ ದಿನಾ ಮುಟ್ಟೋರು, ಬೆರಳಿಟ್ಟು ಓದೋರು, ಅದಕ್ಕೇನೂ ಆಗ್ತಿರ್ಲಿಲ್ಲ" ಅನ್ನೋರು.

ಅವರಿಗೆ ನೋವಾಗಿದ್ದು ಬೇರೆ ವಿಷಯಕ್ಕೆ. ಬಡ್ತಿ ಬಂದಾಗೆಲ್ಲ ಒಂದೇ ಮಾತು: "ಅವನ ಕೈ ಚೆನ್ನಾಗಿದೆ, ಟೇಬಲ್‌ನಲ್ಲೇ ಇರಲಿ ಬಿಡಿ." ಕೈ ಕೆಟ್ಟಿದ್ದಿದ್ದರೆ ಯೋಗ್ಯತೆ ಇಲ್ಲ ಅಂತಿದ್ದರು. ಕೈ ಒಳ್ಳೇದಿದ್ದದ್ದಕ್ಕೆ ಅದೇ ಕೈ ಹಿಡಿದು ಕೂರಿಸಿದರು. ಮೆರಿಟ್ ಮೆರಿಟ್ ಅಂತ ನಮಗೆ ಪಾಠ ಹೇಳೋರು ಈ ಒಂದು ಪ್ರಶ್ನೆಗೆ ಉತ್ತರ ಕೊಡಲಿ: ಮೆರಿಟ್ ಇದ್ದಾಗ ನೀವು ಏನು ಮಾಡಿದ್ರಿ?

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಆ ಮೇಜು ನಮ್ಮ ಮನೆಗೆ ಅನ್ನ ಹಾಕಿತು. ಮನೆಯ ಮಕ್ಕಳನ್ನೆಲ್ಲ ಓದಿಸಿತು. ಚಿಕ್ಕಪ್ಪ ನನಗೆ ಅಕ್ಷರ ಕಲಿಸಿದ್ದು ಸ್ಲೇಟಿನ ಮೇಲೆ ಗೈಡ್‌ಲೈನ್ ಎಳೆದು. ಇವತ್ತು ನಾನು ಬ್ಯಾನರ್ ಬರೆಯುವಾಗಲೂ ಮೊದಲು ಎರಡು ಗೆರೆ ಎಳೀತೀನಿ. ಹೆಬ್ಬೆಟ್ಟಿನಿಂದ ಒಂದೇ ತಲೆಮಾರಿನಲ್ಲಿ ಸೇತುವೆಯ ಅಳತೆ ಬರೆಯುವಷ್ಟು ದೂರ ಬಂದದ್ದು ಸಣ್ಣದಲ್ಲ. ಬಾಬಾಸಾಹೇಬರು 1942ರಲ್ಲಿ ಕೇಳಿದ್ದು ಇಂಥ ಬಾಗಿಲನ್ನೇ. ಬಾಗಿಲು ತೆರೆಯಿತು. ಒಳಗೆ ಮೆಟ್ಟಿಲು ಹತ್ತೋಕೆ ಬಿಡಲಿಲ್ಲ, ಅದು ಇನ್ನೊಂದು ಹೋರಾಟ.

ಆಮೇಲೆ ಕಂಪ್ಯೂಟರ್ ಬಂತು. 1982ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಆಟೋಕ್ಯಾಡ್ ಎಂಬ ಸಾಫ್ಟ್‌ವೇರ್ ಮಾರುಕಟ್ಟೆಗೆ ಬಂತು. ನಮ್ಮ ಕಚೇರಿಗಳಿಗೆ ಬರೋದು ಇನ್ನೂ ತಡ ಆಯಿತು. ಮಜಾ ನೋಡಿ, ಆಟೋಕ್ಯಾಡ್‌ನ ಮೊದಮೊದಲ ಅಕ್ಷರಗಳೂ ಒಂದೇ ಗೆರೆಯವು, ಪ್ಲಾಟರ್ ಯಂತ್ರದ ಪೆನ್ನು ಒಂದು ಸಲ ಎಳೆದರೆ ಮುಗಿಯುವಂಥವು. ರೈನ್‌ಹಾರ್ಟ್ ಕೈಗೆ ಹೇಳಿಕೊಟ್ಟ ಪಾಠವನ್ನು ಯಂತ್ರ ಹಾಗೇ ಎತ್ತಿಕೊಂಡಿತು. ಕ್ರಮವಾಗಿ ಟ್ರೇಸರ್ ಹುದ್ದೆ ಹೋಯಿತು, ಅಮೋನಿಯಾ ಪ್ರಿಂಟಿನ ಘಾಟು ಹೋಯಿತು, ಕಚೇರಿಗಳ ಡ್ರಾಯಿಂಗ್ ಬೋರ್ಡುಗಳು ಗೋಡೌನಿಗೆ ಹೋದವು. ನಕ್ಷೆಯ ಕೆಲಸದಲ್ಲಿ ಬಹುಪಾಲು ಖಾಸಗಿ ಕನ್ಸಲ್ಟೆನ್ಸಿಗಳ ಪಾಲಾಯಿತು. ಅಲ್ಲಿ ಮೀಸಲಾತಿ ಇಲ್ಲ. ನಾವು ಹತ್ತಿದ ಏಣಿಯ ಆ ಒಂದು ಮೆಟ್ಟಿಲು ಸದ್ದಿಲ್ಲದೆ ಮಾಯವಾಯಿತು, ಅದರ ಬಗ್ಗೆ ಒಂದು ಧರಣಿಯೂ ಆಗಲಿಲ್ಲ. ಅದು ನಮ್ಮ ತಪ್ಪೂ ಹೌದು.

ಕೈಬರಹ ಹೋದ ಮೇಲೆ ಜನಕ್ಕೆ ಅದು ಚಂದ ಅನ್ನಿಸೋಕೆ ಶುರುವಾಯಿತು. ವಾಸ್ತುಶಿಲ್ಪಿ ಫ್ರಾನ್ಸಿಸ್ ಚಿಂಗ್ 1975ರಲ್ಲಿ ಆರ್ಕಿಟೆಕ್ಚರಲ್ ಗ್ರಾಫಿಕ್ಸ್ ಅನ್ನೋ ಪುಸ್ತಕವನ್ನು ಪೂರ್ತಿ ಕೈಯಲ್ಲೇ ಬರೆದು ಪ್ರಕಟಿಸಿದ್ದರು. ಅವರ ಅಕ್ಷರವನ್ನು ಆಧರಿಸಿ ಡೇವಿಡ್ ಸೀಗೆಲ್ ಎಂಬ ವಿನ್ಯಾಸಕಾರ ಅಡೋಬಿ ಕಂಪನಿಗೆ ಟೆಕ್ಟನ್ ಎಂಬ ಫಾಂಟ್ ಮಾಡಿಕೊಟ್ಟರು. ಕಂಪ್ಯೂಟರಿನಲ್ಲಿ ಬರೆದರೂ ಕೈಯಲ್ಲಿ ಬರೆದ ಹಾಗೆ ಕಾಣುವ ಫಾಂಟು. ಚಿಂಗ್ ಅವರ ಕೈ ನಿಜಕ್ಕೂ ಸುಂದರ, ಅವರ ಹೆಸರು ಉಳಿದದ್ದು ನ್ಯಾಯ. ನನ್ನ ತಕರಾರು ಅವರ ಮೇಲಲ್ಲ. ಕೈಬರಹಕ್ಕೆ ಒಡೆಯರಿರ್ತಾರೆ, ಅದಕ್ಕೆ ಹೆಸರು ಕೊಡಬಹುದು ಅಂತ ಜಗತ್ತಿಗೆ ಗೊತ್ತಿದೆ ಅಂತಾಯ್ತಲ್ಲ? ಹಾಗಿದ್ದರೆ ಡಂಬಾರ್ಟನ್‌ನ ಹುಡುಗಿಯರ ಹೆಸರು ಎಲ್ಲಿ? ನಮ್ಮ ಅಣೆಕಟ್ಟು, ಸೇತುವೆ, ಶಾಲೆ, ಆಸ್ಪತ್ರೆಗಳ ನಕ್ಷೆಗೆ ಅಕ್ಷರ ಬರೆದವರ ಹೆಸರು ಎಲ್ಲಿ?

ನಾವು ಚರಿತ್ರೆ ಅಂದ ತಕ್ಷಣ ಸಭೆ, ಸತ್ಯಾಗ್ರಹ, ಭಾಷಣ ನೆನಪು ಮಾಡಿಕೊಳ್ತೀವಿ. ಅದು ಬೇಕು. ಆದರೆ ಮೇಜಿನ ಮೇಲೆ ಮೂವತ್ತು ವರ್ಷ ಬಗ್ಗಿ, ಬೆನ್ನು ಬಾಗಿಸಿಕೊಂಡು, ತಪ್ಪಿಲ್ಲದೆ ಅಂಕಿ ಬರೆದವರದ್ದೂ ಚರಿತ್ರೆಯೇ. ಅವರು ಬರೆದ ಒಂದು 3 ಅನ್ನು ಯಾರೂ 8 ಅಂತ ಓದಲಿಲ್ಲ, ಅದಕ್ಕೇ ಆ ಸೇತುವೆಗಳ ಮೇಲೆ ಇವತ್ತೂ ಬಸ್ಸು ಓಡಾಡ್ತಿವೆ.

ಅದಕ್ಕೇ ಒಂದು ಕೆಲಸ ಹೇಳ್ತೀನಿ, ದಯವಿಟ್ಟು ಮಾಡಿ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಟ್ರೇಸರ್, ಡ್ರಾಫ್ಟ್ಸ್‌ಮನ್, ಸರ್ವೆ ಇಲಾಖೆಯಲ್ಲಿ ನಕ್ಷೆ ಬರೆದವರು ಯಾರಾದರೂ ಇದ್ದರೆ ಹೋಗಿ ಮಾತಾಡಿಸಿ. ಯಾವ ವರ್ಷ ಸೇರಿದ್ರು, ಯಾವ ಕಟ್ಟಡದ ನಕ್ಷೆಗೆ ಅಕ್ಷರ ಬರೆದ್ರು, ಮೂಲೆಯಲ್ಲಿ ಯಾರ ಇನಿಷಿಯಲ್ ಹಾಕಿದ್ರು ಅಂತ ಕೇಳಿ ಬರೆದಿಡಿ. ಅವರ ಪೆನ್ನು, ಸ್ಟೆನ್ಸಿಲ್, ಲೆಟರಿಂಗ್ ಶೀಟು ಟ್ರಂಕಿನಲ್ಲಿದ್ದರೆ ಗುಜರಿಗೆ ಹಾಕಬೇಡಿ. ಹುಷಾರಾಗಿ ಫೋಟೋ ತೆಗೆದಿಡಿ. ಅವರ ಒಪ್ಪಿಗೆ ಕೇಳಿಕೊಂಡು ಅವರ ಪೂರ್ತಿ ಹೆಸರು ಬರೆಯಿರಿ, ಇನಿಷಿಯಲ್ ಸಾಕಾಗಲ್ಲ.

ಚಿಕ್ಕಪ್ಪ ಈಗಿಲ್ಲ. ಅವರ ಟ್ರಂಕಿನಲ್ಲಿ ಒಂದು ಲೆಟರಿಂಗ್ ಶೀಟು ಸಿಕ್ಕಿತು, ಐಟಿಐ ದಿನಗಳದ್ದು. ಅಂಚೆಲ್ಲ ಹಳದಿಯಾಗಿದೆ. ಮೂಲೆಯಲ್ಲಿ ಟೈಟಲ್ ಬ್ಲಾಕ್ ಇದೆ. ಆ ಒಂದು ಹಾಳೆಯಲ್ಲಿ ಮಾತ್ರ "ಡ್ರಾನ್" ಅನ್ನೋ ಮನೆಯಲ್ಲಿ ಅವರ ಹೆಸರಿದೆ. ಪೂರ್ತಿ ಹೆಸರು, 5 ಮಿಲಿಮೀಟರ್ ಎತ್ತರ, ನೆಟ್ಟಗಿನ ಅಕ್ಷರ. ಅದಕ್ಕೆ ಕಟ್ಟು ಹಾಕಿಸಿ ಬಾಬಾಸಾಹೇಬರ ಫೋಟೋ ಪಕ್ಕ ಗೋಡೆಗೆ ಹಾಕಿದ್ದೀನಿ.

ಜೈ ಭೀಮ್.